ನಾಲ್ಕು ಕಾಸು, ಒಂದು ಬಕ್

"ನಮ್ಮ ಹುಡುಗ ನಾಲ್ಕು ಕಾಸು ಸಂಪಾದಿಸುವ ಹಾಗಾದ" ಎಂದು ತಾಯಿಯೊಬ್ಬಳು ನೆರೆಯವರೊಡನೆ ಹೇಳಿಕೊಳ್ಳುವಾಗ, ಆ ಕಾಸುಗಳನ್ನು ಎಣಿಸಿ ನೋಡಬೇಕೆಂದು ಯಾರಿಗೂ ತೋರುವುದಿಲ್ಲ. ನಾಲ್ಕು ಎಂಬ ಸಂಖ್ಯೆ ಅಲ್ಲಿ ಲೆಕ್ಕಕ್ಕಾಗಿ ಬಂದದ್ದಲ್ಲ, ವಿನಯಕ್ಕಾಗಿ ಬಂದದ್ದು. ಕಾಸೆಂಬ ನಾಣ್ಯವು ಚಲಾವಣೆಯಿಂದ ಮರೆಯಾಗಿ ಎಷ್ಟೋ ಕಾಲ ಸಂದಿದ್ದರೂ ಆ ನುಡಿಗಟ್ಟಿನೊಳಗೆ ಅದು ಇಂದಿಗೂ ಸವೆಯದೆ ಉಳಿದಿದೆ. ನುಡಿಗಟ್ಟಿನ ಪದಗಳನ್ನು ಒಂದೊಂದಾಗಿ ಬಿಡಿಸಿ ಅರ್ಥ ಹೇಳಹೊರಟವನಿಗೆ ಅದರ ಜೀವವು ದಕ್ಕುವುದಿಲ್ಲವೆಂಬುದು ಸ್ವಭಾಷೆಯ ಮಟ್ಟಿಗೆ ನಮಗೆ ಯಾರೂ ಹೇಳಿಕೊಡದೆಯೇ ತಿಳಿದಿರುವ ಸಂಗತಿ. ಪರಭಾಷೆಯ ಹೊಸ್ತಿಲನ್ನು ದಾಟಿದೊಡನೆ ಮಾತ್ರ ಈ ತಿಳಿವಳಿಕೆಯು ಹೇಗೋ ನಮ್ಮ ಕೈಬಿಟ್ಟುಹೋಗುತ್ತದೆ.

ಇದನ್ನು ಬರೆಯಲು ನನಗೆ ಪ್ರೇರಣೆಯಾದುದು ಒಂದು ಪುಟದ ಪ್ರಬಂಧ. ಕೋಲಾರ ಸೀಮೆಯಿಂದ ಬಂದು, ನಮ್ಮ ಬೀದಿಯಲ್ಲಿ ಬಾಡಿಗೆಗೆ ಕೋಣೆ ಹಿಡಿದು, ಬ್ಯಾಂಕಿನ ನೇಮಕಾತಿ ಪರೀಕ್ಷೆಗೆ ಓದುತ್ತಿರುವ ಹೆಣ್ಣುಮಗಳೊಬ್ಬಳು, ನಾನು ಹಿಂದೆ ಇಂಗ್ಲಿಷ್ ಪಾಠ ಹೇಳುತ್ತಿದ್ದವನೆಂಬುದನ್ನು ಯಾರಿಂದಲೋ ತಿಳಿದು, ಅಭ್ಯಾಸಕ್ಕಾಗಿ ತಾನು ಬರೆದ ಪ್ರಬಂಧಗಳನ್ನು ಭಾನುವಾರಗಳಂದು ತಂದು ತೋರಿಸುವುದುಂಟು. ಕೃಷಿ ಉತ್ಪನ್ನಗಳ ಬೆಲೆಯ ಏರಿಳಿತವನ್ನು ಕುರಿತ ಈ ಸಲದ ಪ್ರಬಂಧದಲ್ಲಿ, 2023ರ ಜುಲೈ ತಿಂಗಳಿನಲ್ಲಿ ಟೊಮ್ಯಾಟೊ ಬೆಳೆಗಾರರು "ಮೇಡ್ ಕ್ವಿಕ್ ಬಕ್ಸ್" ಎಂದು ಅವಳು ಬರೆದಿದ್ದಳು. ನಾನು ಅದರ ಕೆಳಗೆ ಕೆಂಪು ಗೆರೆ ಎಳೆದೆ. ವ್ಯಾಕರಣದ ಒಂದು ಸಣ್ಣ ತಪ್ಪು ಅಲ್ಲಿ ಎದ್ದು ಕಾಣುತ್ತಿತ್ತು. ಅದರ ಹಿಂದೆ, ವ್ಯಾಕರಣಕ್ಕೆ ಸಂಬಂಧಪಡದ ಮತ್ತೊಂದು ತಪ್ಪು ಅಡಗಿ ಕುಳಿತಿತ್ತು, ಮತ್ತು ನನ್ನನ್ನು ಹೆಚ್ಚು ನೋಯಿಸಿದ್ದು ಎರಡನೆಯದು. ಅದನ್ನು ವಿವರಿಸಿ ಹೇಳಬೇಕಾದರೆ ಆ ನುಡಿಗಟ್ಟಿನ ಪೂರ್ವೋತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗುತ್ತದೆ.

ಬಕ್ ಎಂದರೆ ಮೂಲತಃ ಗಂಡು ಜಿಂಕೆ. 18ನೆಯ ಶತಮಾನದ ಉತ್ತರ ಅಮೆರಿಕದಲ್ಲಿ, ನಾಣ್ಯಗಳು ವಿರಳವಾಗಿದ್ದ ಗಡಿನಾಡಿನ ವ್ಯಾಪಾರದಲ್ಲಿ, ಬಿಳಿಯ ವರ್ತಕರಿಗೂ ಅಲ್ಲಿನ ಮೂಲನಿವಾಸಿಗಳಿಗೂ ನಡುವೆ ನಡೆಯುತ್ತಿದ್ದ ಕೊಡುಕೊಳ್ಳುವಿಕೆಗೆ ಜಿಂಕೆಯ ತೊಗಲೇ ಮಾನದಂಡವಾಗಿತ್ತು. ಪೆನ್ಸಿಲ್ವೇನಿಯ ವಸಾಹತಿನ ದುಭಾಷಿಯಾಗಿದ್ದ ಕಾನ್ರಾಡ್ ವೈಸರ್ ಎಂಬಾತನು 1748ರಲ್ಲಿ ಒಹಾಯೊ ಸೀಮೆಗೆ ಮಾಡಿದ ಪ್ರಯಾಣದ ದಿನಚರಿಯಲ್ಲಿ, ಒಂದು ಪೀಪಾಯಿ ವಿಸ್ಕಿಯ ಬೆಲೆ ಐದು ಬಕ್ ಎಂದೂ, ಒಬ್ಬಾತನಿಂದ ಮುನ್ನೂರು ಬಕ್ ಮೌಲ್ಯದ ಸರಕು ಸುಲಿಗೆಯಾಯಿತೆಂದೂ ಕಾಣುತ್ತದೆ. ಅಲ್ಲಿ ಬಕ್ ಎಂಬುದು ಇನ್ನೂ ತೊಗಲೇ, ಆದರೆ ಬೆಲೆ ಕಟ್ಟುವ ತೊಗಲು. ನೂರು ವರ್ಷ ಕಳೆದು 1850ರ ದಶಕಕ್ಕೆ ಬಂದರೆ, ಅದೇ ಮಾತು ಅಮೆರಿಕದ ಆಡುನುಡಿಯಲ್ಲಿ ಡಾಲರಿಗೆ ಮರುಹೆಸರಾಗಿ ನಿಂತಿರುವುದನ್ನು ಕಾಣುತ್ತೇವೆ. ಡಾಲರ್ ಎಂಬ ಹೆಸರಾದರೂ ಪರದೇಶದಿಂದ ಬಂದದ್ದೇ: ಬೊಹೀಮಿಯದ ಯೋಆಖಿಮ್ಸ್‌ಟಾಲ್ ಕಣಿವೆಯ ಬೆಳ್ಳಿಯಿಂದ 16ನೆಯ ಶತಮಾನದಲ್ಲಿ ಟಂಕಿಸಿದ ನಾಣ್ಯಕ್ಕೆ ಆ ಕಣಿವೆಯ ಹೆಸರೇ ಅಂಟಿ, ಟಾಲರ್ ಆಗಿ, ಡಾಲರ್ ಆಗಿ, ಕಡಲು ದಾಟಿತು. ಹೀಗೆ ಅರಸರ ಟಂಕಸಾಲೆಯಿಂದ ಬಂದ ಹೆಸರೊಂದು, ಕಾಡಿನ ಅಂಚಿನ ವ್ಯಾಪಾರದಿಂದ ಬಂದ ಹೆಸರೊಂದು, ಎರಡೂ ಒಂದೇ ನಾಣ್ಯದ ಮೇಲೆ ನಿಂತವು. ಮೊದಲನೆಯದು ಕಾಗದಪತ್ರಕ್ಕೆ ಸಂದಿತು, ಎರಡನೆಯದು ಸಂತೆಯ ಬಾಯಿಗೆ ಸಂದಿತು. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದರ ಪ್ರಯೋಜನವಿದೆ.

ಇದು ನಮಗೆ ಅಪರಿಚಿತವಾದ ಮಾರ್ಗವೇನೂ ಅಲ್ಲ. ಇಂದು ನಾವು ಧನಮಾತ್ರಕ್ಕೆ ಹಣವೆನ್ನುತ್ತೇವೆ. ವಿಜಯನಗರದ ಅರಸರ ಕಾಲದಲ್ಲಿ ಅದು ಹೊನ್ನಿನ ಪುಟ್ಟದೊಂದು ನಾಣ್ಯದ ಹೆಸರು, ಮೈಸೂರಿನ ಕಂಠೀರವ ನರಸರಾಜ ಒಡೆಯರು ತಮ್ಮ ಹೆಸರಿನಲ್ಲಿ ಟಂಕಿಸಿದ ಕಂಠೀರವ ಹಣವು ಅಂಥದೇ ಕಿರುನಾಣ್ಯ. ದುಡ್ಡು ತಾಮ್ರದ ಬಿಲ್ಲೆಯಾಗಿತ್ತು. ಕಾಸು ಅದಕ್ಕಿಂತಲೂ ಕಿರಿದು. ನಾಣ್ಯಗಳು ಅಳಿದು ಹೆಸರುಗಳು ಉಳಿದುವಲ್ಲದೆ, ಉಳಿದ ಹೆಸರುಗಳು ತಮ್ಮ ಹಿಂದಿನ ಅಂತಸ್ತನ್ನು ಪೂರ್ತಿಯಾಗಿ ಮರೆಯಲೂ ಇಲ್ಲ. "ಹಣಕಾಸು ಸಚಿವರು" ಎನ್ನುತ್ತೇವೆಯೇ ಹೊರತು "ದುಡ್ಡಿನ ಸಚಿವರು" ಎಂದು ಯಾರೂ ಎನ್ನುವುದಿಲ್ಲ. "ದುಡ್ಡಿನ ಮದ" ಎನ್ನುವಲ್ಲಿ ಇರುವ ಕಟುತ್ವವು "ಧನಮದ"ದಲ್ಲಿ ಇಲ್ಲ. ಪದಕ್ಕೆ ಅರ್ಥವಿರುವಂತೆಯೇ ಸ್ಥಾನವೂ ಉಂಟು, ಮತ್ತು ಸ್ಥಾನವನ್ನು ಅರಿಯದೆ ಅರ್ಥವನ್ನು ಮಾತ್ರ ಕಲಿತವನು ಆ ಪದವನ್ನು ಅರ್ಧವಷ್ಟೇ ಕಲಿತಂತಾಯಿತು.

ಕ್ವಿಕ್ ಬಕ್, ಇಲ್ಲವೆ ಅದರ ಅವಳಿಯಾದ ಫಾಸ್ಟ್ ಬಕ್, ಎರಡನೆಯ ಮಹಾಯುದ್ಧದ ಆಸುಪಾಸಿನ ವರ್ಷಗಳಲ್ಲಿ ಅಮೆರಿಕದ ಆಡುಮಾತಿನಲ್ಲಿ ಬೇರೂರಿದ ಪ್ರಯೋಗ. ಅದರ ಅಂಗರಚನೆಯನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದು ಸುಲಭವಾದ ಭಾಗ. "ಮೇಕ್ ಎ ಕ್ವಿಕ್ ಬಕ್" ಎಂಬುದು ಸಾಧುರೂಪ. ಬಕ್ ಎಂಬುದು ಏಕವಚನದಲ್ಲಿಯೇ ನಿಲ್ಲಬೇಕು, ಅದರ ಹಿಂದಿನ "ಎ" ಎಂಬ ಪುಟ್ಟ ಪದವು ತಪ್ಪದೆ ಇರಬೇಕು. ಗಳಿಸಿದ್ದು ಲಕ್ಷವಾಗಲಿ ಕೋಟಿಯಾಗಲಿ, ನುಡಿಗಟ್ಟಿನಲ್ಲಿ ಅದು ಒಂದೇ ಬಕ್, ನಮ್ಮ ನಾಲ್ಕು ಕಾಸು ಎಂದಿಗೂ ಐದಾಗದಿರುವಂತೆ. ಬಹುವಚನದ ಬಕ್ಸ್ ಬೇರೆ ನುಡಿಗಟ್ಟಿಗೆ ಸೇರಿದ್ದು: ಬಿಗ್ ಬಕ್ಸ್ ಎಂದರೆ ದೊಡ್ಡ ಮೊತ್ತ, ಅದರಲ್ಲಿ ನಿಂದೆ ಇರಲೇಬೇಕೆಂಬ ನಿಯಮವಿಲ್ಲ. ಮೇಕ್ ಎಂಬ ಕ್ರಿಯಾಪದದ ಸ್ಥಾನದಲ್ಲಿ ಟರ್ನ್ ಅಥವಾ ಅರ್ನ್ ಬರಬಹುದು. ವಿಶೇಷಣವಾಗಿ ಮತ್ತೊಂದು ನಾಮಪದದ ಮುಂದೆ ಬಂದಾಗ ನಡುವೆ ಕಿರುಗೆರೆಯನ್ನಿಟ್ಟು ಕ್ವಿಕ್-ಬಕ್ ಸ್ಕೀಮ್ ಎಂದು ಬರೆಯುವುದು ರೂಢಿ. ಕ್ವಿಕ್ ಎಂಬುದನ್ನು ತಿದ್ದಿ ಕ್ವಿಕ್ಲಿ ಎಂದು ಮಾಡುವ ವ್ಯಾಕರಣನಿಷ್ಠರೂ ಉಂಟು. ಹಾಗೆ ಮಾಡಿದರೆ ನುಡಿಗಟ್ಟು ಒಡೆದುಹೋಗಿ, ಬರಿಯ ವಾಕ್ಯ ಉಳಿಯುತ್ತದೆ. ಇದರ ಹಿರಿಯ ಬಂಧುವಾದ ಗೆಟ್-ರಿಚ್-ಕ್ವಿಕ್ ಎಂಬಲ್ಲಿಯೂ ಹಾಗೆಯೇ. ಜಾರ್ಜ್ ರ‍್ಯಾಂಡಾಲ್ಫ್ ಚೆಸ್ಟರ್ 1908ರಲ್ಲಿ ಪ್ರಕಟಿಸಿದ ಕಾದಂಬರಿಯ ವಂಚಕ ನಾಯಕನ ಹೆಸರಿಗೇ ಆ ಮೂರು ಪದಗಳು ಬಿರುದಾಗಿ ಅಂಟಿದವು, ಮತ್ತು ಅಂದಿನಿಂದ ಇಂದಿನವರೆಗೆ ಆ ಕ್ವಿಕ್ ಯಾವ ಪ್ರತ್ಯಯವನ್ನೂ ಹತ್ತಿರ ಸೇರಿಸಿಲ್ಲ.

ಇಷ್ಟು ಕಲಿತವನು ತಪ್ಪಿಲ್ಲದ ವಾಕ್ಯವನ್ನು ಬರೆಯಬಲ್ಲನೇ ಹೊರತು, ಸರಿಯಾದ ವಾಕ್ಯವನ್ನು ಬರೆಯಬಲ್ಲನೆಂಬ ಭರವಸೆ ಇಲ್ಲ. ಇಂಗ್ಲಿಷನ್ನು ಮನೆಮಾತಾಗಿ ಆಡುವವರು ಈ ನುಡಿಗಟ್ಟನ್ನು ಬಳಸುವ ಬಗೆಯನ್ನು ಗಮನಿಸಿ ನೋಡಿದರೆ, ಅದು ಬಹುಮಟ್ಟಿಗೆ ಭೂತಕಾಲದ ಫಲಿತಾಂಶವನ್ನು ಹೇಳುವುದಕ್ಕಲ್ಲ, ಮನಸ್ಸಿನೊಳಗಣ ಉದ್ದೇಶವನ್ನು ಹೇಳುವುದಕ್ಕೆ ಬರುತ್ತದೆಂಬುದು ಗೋಚರಿಸುತ್ತದೆ: "ಔಟ್ ಟು ಮೇಕ್ ಎ ಕ್ವಿಕ್ ಬಕ್," "ಟ್ರೈಯಿಂಗ್ ಟು ಮೇಕ್ ಎ ಕ್ವಿಕ್ ಬಕ್." ಎಂದರೆ, ಈ ಮಾತನ್ನು ಮತ್ತೊಬ್ಬನ ಮೇಲೆ ಪ್ರಯೋಗಿಸುವಾತನು ಅವನ ಲಾಭವನ್ನು ಅಳೆಯುತ್ತಿಲ್ಲ, ಅವನ ಅಂತಃಕರಣವನ್ನು ಓದಿದ್ದೇನೆಂದು ಸಾರುತ್ತಿದ್ದಾನೆ, ಅವನಿಗೆ ತನ್ನ ಕೆಲಸದ ಮೇಲೆ ಪ್ರೀತಿಯಿಲ್ಲ, ಕೊಳ್ಳುವವನ ಹಿತ ಬೇಕಿಲ್ಲ, ನಾಳೆ ತಾನು ಆ ಊರಿನಲ್ಲಿರುವೆನೆಂಬ ಎಣಿಕೆಯಿಲ್ಲ, ಇಂದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಡುವವನು ಎಂದು ತೀರ್ಪು ಕೊಡುತ್ತಿದ್ದಾನೆ. ಅಪರಾಧವೆಸಗಿದನೆಂಬ ಅರ್ಥ ಇದರಲ್ಲಿ ಇಲ್ಲ. ಕಾನೂನಿನ ಎಲ್ಲೆಯೊಳಗೆ ನಿಂತೇ ಕ್ವಿಕ್ ಬಕ್ ಮಾಡಿದವರು ಬಹಳ ಮಂದಿ. ಆದರೆ ಗೌರವವು ಹೋಯಿತು. ಒಬ್ಬನು ತನ್ನ ವಿಷಯವಾಗಿ ತಾನೇ ಈ ಮಾತನ್ನು ಹೇಳಿಕೊಂಡರೆ ಅದು ಮುಚ್ಚುಮರೆಯಿಲ್ಲದ ಒಪ್ಪಿಗೆಯಾಗುತ್ತದೆ; ಇನ್ನೊಬ್ಬನ ವಿಷಯವಾಗಿ ಹೇಳಿದರೆ ಆಪಾದನೆಯಾಗುತ್ತದೆ; ಆಪಾದನೆಗೆ ಆಧಾರ ಬೇಕು.

ಹಾಗಾದರೆ ಬೇಗನೆ ಬಂದ ಲಾಭವನ್ನೆಲ್ಲ ಹೀಗೆಯೇ ಕರೆಯಬೇಕೆ ಎಂದರೆ, ಇಂಗ್ಲಿಷ್ ಅಷ್ಟು ಬಡ ಭಾಷೆಯಲ್ಲ. ಷೇರು ಪೇಟೆಯಲ್ಲಿ ಒಮ್ಮೆಗೇ ಭಾರಿ ಮೊತ್ತವನ್ನು ಬಾಚಿದವನಿಗೆ ಮೇಕ್ ಎ ಕಿಲ್ಲಿಂಗ್ ಎಂಬ ಬೇಟೆಯ ಮಾತಿದೆ. ಶೀಘ್ರವಾಗಿ ಹಿಂದಿರುಗುವ ಬಂಡವಾಳಕ್ಕೆ ಕ್ವಿಕ್ ರಿಟರ್ನ್ಸ್ ಎಂಬ, ನಿಂದಾಸ್ತುತಿಗಳೆರಡೂ ಇಲ್ಲದ ಲೆಕ್ಕಪತ್ರದ ಮಾತಿದೆ. ಬ್ಯಾಂಕಿನ ವರದಿಯಲ್ಲಿಯೂ ಅರ್ಜಿಯಲ್ಲಿಯೂ ಬರೆಯತಕ್ಕದ್ದು ಇದನ್ನೇ, ಸಂತೆಯ ಬಾಯಿಯ ಬಕ್ಕನ್ನಲ್ಲ. ತಾನು ಬಯಸದೆ, ತನ್ನ ಉಪಾಯವಿಲ್ಲದೆ, ಕಾಲದೇಶಗಳ ಕಾರಣದಿಂದ ಬಂದೊದಗಿದ ಲಾಭಕ್ಕೆ ವಿಂಡ್‌ಫಾಲ್ ಎಂಬ ಸುಂದರವಾದ ಪದವಿದೆ: ಗಾಳಿಗೆ ತಾನಾಗಿ ಉದುರಿದ ಹಣ್ಣು. ಉಕ್ರೇನಿನ ಯುದ್ಧದಿಂದ ಕಚ್ಚಾ ತೈಲದ ಬೆಲೆ ಏರಿದಾಗ ನಮ್ಮ ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ತೈಲೋತ್ಪಾದಕರ ಮೇಲೆ ವಿಧಿಸಿ 2024ರ ಡಿಸೆಂಬರಿನಲ್ಲಿ ಕೈಬಿಟ್ಟ ತೆರಿಗೆಯನ್ನು ಜನರು ಆ ಹೆಸರಿನಿಂದಲೇ ಕರೆದರು. ತೈಲ ಕಂಪನಿಗಳು ಯುದ್ಧವನ್ನು ಹೂಡಿರಲಿಲ್ಲವಾದ ಕಾರಣ ಅಲ್ಲಿ ಕ್ವಿಕ್ ಬಕ್ ಎಂಬುದು ಸಲ್ಲುತ್ತಿರಲಿಲ್ಲ. ಈಸಿ ಮನಿ ಎಂಬುದರ ವಿಷಯದಲ್ಲಿಯಂತೂ ಪತ್ರಿಕೆಗೆ ಬರೆಯುವವರು ವಿಶೇಷ ಎಚ್ಚರವಹಿಸಬೇಕು. ಬೀದಿಯಲ್ಲಿ ಅದು ಬೆವರಿಲ್ಲದ ಗಳಿಕೆ. ಕೇಂದ್ರೀಯ ಬ್ಯಾಂಕುಗಳ ನೀತಿಯನ್ನು ಕುರಿತ ಬರಹದಲ್ಲಿ ಅದು ಬಡ್ಡಿಯ ದರವನ್ನು ತಗ್ಗಿಸಿ ಸಾಲವನ್ನು ಸುಲಭವಾಗಿಸುವ ಕ್ರಮ. ಎರಡನೆಯದನ್ನು ಮೊದಲನೆಯದೆಂದು ತಿಳಿದು ಕನ್ನಡಿಸಿದರೆ, ರಿಸರ್ವ್ ಬ್ಯಾಂಕು ಜನರಿಗೆ ಸೋಮಾರಿತನವನ್ನು ಕಲಿಸುತ್ತಿದೆಯೆಂಬ ಅರ್ಥ ಬಂದೀತು.

ಈ ಜಾತಿಯ ಮಾತುಗಳನ್ನು ಎಚ್ಚರವಿಲ್ಲದೆ ಬಳಸಿದರೆ ಆಗುವ ತೊಡಕನ್ನು ತೋರಿಸುವುದಕ್ಕೆ ನಮ್ಮ ದೇಶದ ಶಾಸನವೊಂದಕ್ಕಿಂತ ಉತ್ತಮವಾದ ನಿದರ್ಶನವು ನನಗೆ ತಿಳಿದಿಲ್ಲ. ಜೇಮ್ಸ್ ಎಸ್. ರಾಜ್ ಅವರ ಅಧ್ಯಕ್ಷತೆಯಲ್ಲಿ ರಿಸರ್ವ್ ಬ್ಯಾಂಕು ನೇಮಿಸಿದ್ದ ಅಧ್ಯಯನ ಮಂಡಳಿಯ ಶಿಫಾರಸಿನ ಮೇಲೆ, ಬಹುಮಾನದ ಚೀಟಿಗಳನ್ನೂ, ಸದಸ್ಯರ ಮೇಲೆ ಸದಸ್ಯರನ್ನು ಸೇರಿಸಿ ಹಣ ಸುತ್ತಿಸುವ ಯೋಜನೆಗಳನ್ನೂ ನಿಷೇಧಿಸಲು ಸಂಸತ್ತು 1978ರಲ್ಲಿ ಒಂದು ಕಾಯಿದೆ ಮಾಡಿತು. ಅದರಲ್ಲಿ, ಹಣ ಚಲಾವಣೆಯ ಯೋಜನೆ ಎಂದರೇನು ಎಂಬ ಲಕ್ಷಣವನ್ನು ಹೇಳುವ ಕಡೆ, "ಕ್ವಿಕ್ ಆರ್ ಈಸಿ ಮನಿ" ಎಂಬ ನಾಲ್ಕು ಪದಗಳು ಬರುತ್ತವೆ. ಕ್ವಿಕ್ ಬಕ್ಕಿಗೆ ಅಂಗಿ ತೊಡಿಸಿ ಶಾಸನದ ಪುಟದಲ್ಲಿ ಕುಳ್ಳಿರಿಸಿದಂತೆ ಇದು. ಎಷ್ಟು ದಿನಗಳಲ್ಲಿ ಬಂದದ್ದು ಕ್ವಿಕ್, ಎಷ್ಟು ಶ್ರಮಕ್ಕೆ ಬಂದದ್ದು ಈಸಿ ಎಂಬುದಕ್ಕೆ ಶಾಸನವು ಅಳತೆಗೋಲನ್ನು ಕೊಡಲಿಲ್ಲ; ಕೊಡಲು ಬರುವಂಥ ಪದಗಳೂ ಅವಲ್ಲ.

ಅನತಿಕಾಲದಲ್ಲಿಯೇ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ಕಲ್ಕತ್ತೆಯ ಸಂಚಯಿತಾ ಎಂಬ ಹೂಡಿಕೆಯ ಸಂಸ್ಥೆಯು ಕಾಗದದ ಮೇಲೆ ಶೇಕಡಾ 12ರ ಬಡ್ಡಿಯನ್ನು ತೋರಿಸಿ, ಒಳಗಿಂದೊಳಗೆ ಶೇಕಡಾ 48ರವರೆಗೆ ಕೊಡುತ್ತಿತ್ತೆಂಬುದು ಅದರ ಮೇಲಿನ ಆಪಾದನೆ. ಇಷ್ಟು ಬಡ್ಡಿ ಬಂದರೆ ಅದು ಬೇಗ ಬಂದ ಹಣವಲ್ಲವೆ, ಸುಲಭವಾಗಿ ಬಂದ ಹಣವಲ್ಲವೆ ಎಂಬುದು ಸರ್ಕಾರದ ವಾದದ ಸಾರ. 1982ರಲ್ಲಿ ಪಶ್ಚಿಮ ಬಂಗಾಳ ರಾಜ್ಯದ ಮೇಲ್ಮನವಿಯನ್ನು ತೀರ್ಮಾನಿಸುತ್ತ ಸರ್ವೋಚ್ಚ ನ್ಯಾಯಾಲಯವು, ಹಣವು ಬೇಗನೆ ಅಥವಾ ಸುಲಭವಾಗಿ ಬಂದಿತೆಂಬುದೊಂದೇ ಸಾಲದೆಂದೂ, ಆ ಗಳಿಕೆಯು ಯೋಜನೆಗೆ ಸದಸ್ಯರನ್ನು ಸೇರಿಸಿಕೊಳ್ಳುವ ಸಂಬಂಧದ ಯಾವುದಾದರೊಂದು ಘಟನೆಯನ್ನೋ ಸಂಭವವನ್ನೋ ಅವಲಂಬಿಸಿರಬೇಕೆಂದೂ, ಎರಡೂ ಕೂಡಿದರೆ ಮಾತ್ರ ಅಪರಾಧವೆಂದೂ ಹೇಳಿತು. ಎರಡನೆಯದು ದೂರಿನಲ್ಲಿ ಕಾಣದಿದ್ದುದರಿಂದ ಮೊಕದ್ದಮೆಯು ನಿಲ್ಲಲಿಲ್ಲ. ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವೈ. ವಿ. ಚಂದ್ರಚೂಡ್ ಅವರು ಶಾಸನದ ಆ ವಾಕ್ಯವನ್ನು ಬಿಡಿಸಿ, ತುಂಡುತುಂಡಾಗಿ ಜೋಡಿಸಿ, ಕರಡು ರಚಿಸಿದವರು ಹೀಗೆ ಬರೆದಿದ್ದರೆ ಈ ವಿವಾದಕ್ಕೆ ಎಡೆಯೇ ಇರುತ್ತಿರಲಿಲ್ಲವೆಂದು ತೋರಿಸಿಕೊಟ್ಟರು. ಸರ್ವೋಚ್ಚ ನ್ಯಾಯಾಲಯದ ಪೀಠದಿಂದ ಒಂದು ವ್ಯಾಕರಣದ ಪಾಠ ನಡೆದಂತಾಯಿತು, ಮತ್ತು ಆ ಪಾಠದ ಬೆಲೆಯನ್ನು ತೆತ್ತವರು ಸಾಮಾನ್ಯ ಜನರು. ಆ ತೀರ್ಪನ್ನು ಓದಿದಾಗಲೆಲ್ಲ ನನಗೆ ತೋರುವುದು ಇಷ್ಟೆ: ಬೇಗ ಎಂಬುದನ್ನು ದೋಷವೆಂದು ಎಣಿಸಿದರೆ, ಮೂರು ದಿನದ ಜಾತ್ರೆಯಲ್ಲಿ ವರ್ಷದ ಅಕ್ಕಿಗೆ ದಾರಿ ಮಾಡಿಕೊಳ್ಳುವ ಬಳೆಗಾರನೂ ದೋಷಿಯಾಗುತ್ತಾನೆ. ದೋಷವಿರುವುದು ವೇಗದಲ್ಲಲ್ಲ, ಆ ವೇಗಕ್ಕೆ ಯಾರ ಗಂಟು ಉರುವಲಾಯಿತೆಂಬುದರಲ್ಲಿ. 1920ರಲ್ಲಿ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪೊಂಜಿಯು ಅಂಚೆಯ ಮರುತ್ತರ ಕೂಪನ್ನುಗಳ ವ್ಯಾಪಾರದ ನೆಪವೊಡ್ಡಿ, 45 ದಿನಗಳಲ್ಲಿ ಶೇಕಡಾ 50ರ ಲಾಭದ ಆಸೆ ಹುಟ್ಟಿಸಿ, ಆಮೇಲೆ ಬಂದವರ ಹಣವನ್ನು ಮೊದಲು ಬಂದವರಿಗೆ ಹಂಚಿದನಲ್ಲ, ಅಲ್ಲಿ ಆ ಗಂಟು ಎಲ್ಲರ ಕಣ್ಣಿಗೂ ಕಾಣುತ್ತದೆ.

ಕನ್ನಡಕ್ಕೆ ಈ ನುಡಿಗಟ್ಟನ್ನು ತರುವವರು ಸಾಮಾನ್ಯವಾಗಿ ವಿಶೇಷಣದ ಬೆನ್ನುಹತ್ತಿ "ತ್ವರಿತ ಲಾಭ" ಎಂದೋ "ಶೀಘ್ರ ಹಣ" ಎಂದೋ ಬರೆಯುತ್ತಾರೆ. ಅರ್ಥವು ಬಂದಿತು, ತೀರ್ಪು ಬರಲಿಲ್ಲ. ತ್ವರಿತವೆಂಬುದು ನಮ್ಮಲ್ಲಿ ಅಂಚೆಗೂ ನ್ಯಾಯಾಲಯಕ್ಕೂ ಸಲ್ಲುವ ಗೌರವದ ಪದ. ಅದರ ಮೈಮೇಲೆ ಸಂತೆಯ ಧೂಳಿಲ್ಲ. "ದಿಢೀರ್ ಶ್ರೀಮಂತ" ಎಂಬಲ್ಲಿ ಸ್ವಲ್ಪ ಕಾವಿದೆ, ಆದರೆ ಅದು ಮನುಷ್ಯನ ಏರಿಕೆಯನ್ನು ಹೇಳುತ್ತದೆಯೇ ಹೊರತು ಅವನ ಉದ್ದೇಶವನ್ನಲ್ಲ. ನನ್ನ ಎಣಿಕೆಯಲ್ಲಿ ಕನ್ನಡವು ಈ ತೀರ್ಪನ್ನು ವಿಶೇಷಣದಲ್ಲಿ ಇಡುವುದೇ ಇಲ್ಲ. ಕ್ರಿಯಾಪದದ ಬಾಲದಲ್ಲಿ ಇಡುತ್ತದೆ. "ಅವನು ದುಡ್ಡು ಮಾಡಿದ" ಎಂಬುದಕ್ಕೂ "ಅವನು ದುಡ್ಡು ಮಾಡಿಕೊಂಡ" ಎಂಬುದಕ್ಕೂ ನಡುವಿನ ಅಂತರವನ್ನು ಯಾವ ಕನ್ನಡಿಗನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಾಡಿದನೆಂದರೆ ದುಡಿದಿರಬಹುದು, ಬುದ್ಧಿಯನ್ನು ಬಳಸಿರಬಹುದು, ಅದೃಷ್ಟವೂ ಒಲಿದಿರಬಹುದು. ಮಾಡಿಕೊಂಡನೆಂದೊಡನೆ, ಒಂದು ಮೇಜಿನ ಕೆಳಗೋ ಒಂದು ಬಾಗಿಲ ಹಿಂದೆಯೋ ನಡೆದ ಸಂಗತಿಯ ನೆರಳು ಬೀಳುತ್ತದೆ. ಕೊಳ್ಳು ಎಂಬ ಆ ಸಹಾಯಕ ಧಾತುವು ಸ್ನಾನ ಮಾಡಿಕೊಳ್ಳುವುದರಲ್ಲಿಯೂ ಅಡುಗೆ ಮಾಡಿಕೊಳ್ಳುವುದರಲ್ಲಿಯೂ ನಿರಪರಾಧಿ. ದುಡ್ಡಿನ ಬಳಿಗೆ ಬಂದಾಗ ಮಾತ್ರ ಸಾಕ್ಷಿ ನುಡಿಯುತ್ತದೆ. "ಇದ್ದಷ್ಟು ದಿನ ಒಂದಿಷ್ಟು ದುಡ್ಡು ಮಾಡಿಕೊಂಡು ಹೋಗಲು ಬಂದವರು" ಎಂದು ನಮ್ಮ ಜನ ಹೇಳುವ ಮಾತಿನಲ್ಲಿ ಕ್ವಿಕ್ ಬಕ್ಕಿನ ಅವಸರವೂ, ತಾತ್ಸಾರವೂ, ಉದ್ದೇಶವನ್ನು ಓದುವ ಸಾಹಸವೂ ಸಂಪೂರ್ಣವಾಗಿ ಬಂದಿವೆ. ಅನುವಾದಕನು ಇದಕ್ಕಿಂತ ಹೆಚ್ಚಿನದನ್ನು ಅರಸಿಕೊಂಡು ನಿಘಂಟಿಗೆ ಹೋಗಬೇಕಾಗಿಲ್ಲ.

ಇನ್ನು ಆ ಪ್ರಬಂಧದ ಎರಡನೆಯ ತಪ್ಪಿಗೆ ಬರುತ್ತೇನೆ. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ 15 ಕಿಲೋ ಟೊಮ್ಯಾಟೊ ಬಾಕ್ಸಿನ ಬೆಲೆ 2,000 ರೂಪಾಯಿಗಳನ್ನು ದಾಟಿದ್ದು ನಿಜ. ಆ ಬೇಸಿಗೆಯಲ್ಲಿ ಎಲೆಮುರುಟು ರೋಗ ಬಿದ್ದು ಎಷ್ಟೋ ತೋಟಗಳು ಕೈಕೊಟ್ಟಿದ್ದವೆಂಬುದೂ, ಉಳಿದ ಬೆಳೆಗೆ ಬೆಲೆ ಬರಲು ಅದೂ ಒಂದು ಕಾರಣವೆಂಬುದೂ ಅಷ್ಟೇ ನಿಜ. ಸಾವಿರ ಅಡಿಯ ಆಳದಿಂದ ನೀರೆತ್ತಿ, ಸಸಿ ನೆಟ್ಟು, ಗೂಟ ಹೂತು, ದಾರ ಕಟ್ಟಿ, ಎರಡು ತಿಂಗಳಿಗೂ ಮಿಕ್ಕಿ ಕಾದು, ಔಷಧಿಗೂ ಗೊಬ್ಬರಕ್ಕೂ ಸಾಲ ತಂದು ಕುಳಿತವನ ಬಳಿಗೆ, ಹಿಂದಿನ ವರ್ಷಗಳಲ್ಲಿ ಕೀಳುವ ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆಯ ಬದಿಗೆ ಸುರಿದವನ ಬಳಿಗೆ, ಒಂದು ತಿಂಗಳು ಬೆಲೆ ಬಂದು ನಿಂತರೆ, ಅದರಲ್ಲಿ ಕ್ವಿಕ್ ಎಂಬುದು ಎಲ್ಲಿದೆ? ವಿಂಡ್‌ಫಾಲ್ ಎನ್ನೋಣವೆಂದರೆ, ಗಾಳಿಗೆ ಬಿದ್ದ ಹಣ್ಣನ್ನು ಆಯ್ದವನು ಆ ಮರವನ್ನು ನೆಟ್ಟವನೇ ಆಗಿದ್ದಾನೆ. ಪದವು ಹತ್ತಿರ ಬಂದು ನಿಲ್ಲುತ್ತದೆ, ಒಳಗೆ ಬರುವುದಿಲ್ಲ. ತನ್ನ ಹೊಲಕ್ಕೂ ತನ್ನ ಮಂಡಿಗೂ ನಾಳೆಯೂ ಬರಬೇಕಾದವನನ್ನು, ಇಂದೇ ಬಾಚಿಕೊಂಡು ಹೊರಡುವವರ ಸಾಲಿನಲ್ಲಿ ನಿಲ್ಲಿಸುವ ಈ ಮಾತನ್ನು, ಬೆಲೆ ಏರಿದಾಗಲೆಲ್ಲ ರೈತನ ಮೇಲೆ ಎಸೆಯುವುದು ಭಾಷೆಯ ತಪ್ಪಷ್ಟೇ ಅಲ್ಲ, ಅನ್ಯಾಯ.

ಮುಂದಿನ ಭಾನುವಾರ ಅವಳು ಬಂದಾಗ ಇಷ್ಟನ್ನೂ ಹೇಳಿದೆ. ಅವಳು ಬಹಳ ಹೊತ್ತು ಆ ಕೆಂಪು ಗೆರೆಯನ್ನೇ ನೋಡುತ್ತ ಕುಳಿತಿದ್ದಳು.

"ಮೇಷ್ಟ್ರೇ, ಆ ವರ್ಷ ನಮ್ಮಪ್ಪನೂ ಟೊಮ್ಯಾಟೊ ಹಾಕಿದ್ದರು. ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ಒಳ್ಳೆಯ ಮಾತು ಅಂದುಕೊಂಡಿದ್ದೆ."

"ಆ ಸಲ ಏನು ಉಳಿಯಿತಮ್ಮಾ?"

"ಎರಡು ವರ್ಷದ ಸಾಲ ತೀರಿತು. ಬೋರ್‌ವೆಲ್ಲಿನ ಮೋಟಾರು ರಿಪೇರಿ ಮಾಡಿಸಿದರು. ನನ್ನ ಕೋಚಿಂಗಿಗೆ ಫೀಸು ಕಟ್ಟಿದ್ದು ಅದರಲ್ಲೇ."

"ಅದನ್ನೇ ಬರೆ."

"ಅದಕ್ಕೆ ಇಂಗ್ಲಿಷಿನಲ್ಲಿ ಇಡಿಯಂ ಏನಾದರೂ ಇದೆಯಾ?"

ಬೇಡವೆಂದೆ. ಅವಳು ಬಕ್ಸ್ ಎಂಬುದನ್ನು ಹೊಡೆದುಹಾಕಿ, ಅದರ ಮೇಲಿನ ಇಕ್ಕಟ್ಟಾದ ಜಾಗದಲ್ಲಿ, ಆ ಜುಲೈಯಲ್ಲಿ ಬೆಲೆ ಬಂದದ್ದರಿಂದ ಕೆಲವು ಬೆಳೆಗಾರರು ಹಳೆಯ ಸಾಲವನ್ನು ತೀರಿಸಿದರೆಂಬ ಅರ್ಥದ ಪುಟ್ಟ ವಾಕ್ಯವೊಂದನ್ನು ಬರೆಯತೊಡಗಿದಳು. "ಪೇಯ್ಡ್ ಆಫ್" ಎಂಬಲ್ಲಿಗೆ ಬಂದಾಗ ಲೇಖನಿಯನ್ನು ನಿಲ್ಲಿಸಿ, ಎಫ್ ಒಂದೋ ಎರಡೋ ಎಂದು ಕೇಳಿದಳು. ಎರಡು ಎಂದೆ.